ಫೀಡ್ ಪಂಪ್ ಬದಲಿಸುವ ಮೊದಲು ಗಾಳಿ ಎಳೆಯುತ್ತಿದೆಯಾ ನೋಡಿ

ಲೋಡ್ ಲಾರಿ ಏರಿನಲ್ಲಿ ಎಳೆಯದಿದ್ದರೆ, ಬೆಳಿಗ್ಗೆ ತುಂಬ ಹೊತ್ತು ಸೆಲ್ಫ್ ಹೊಡೆದ ಮೇಲಷ್ಟೇ ಸ್ಟಾರ್ಟ್ ಆದರೆ, ಕೂಡಲೇ ಫೀಡ್ ಪಂಪ್ (ಟ್ಯಾಂಕಿನಿಂದ ಡೀಸೆಲ್ ಎಳೆದು ಎಂಜಿನ್ ಕಡೆಗೆ ಕಳಿಸುವ ಪಂಪ್) ಹೋಯಿತು ಅಂದುಕೊಳ್ಳಬೇಡಿ. ಮೊದಲು ಡೀಸೆಲ್ ಫಿಲ್ಟರ್ ಬದಲಿಸಿ. ಆಮೇಲೆ ಟ್ಯಾಂಕಿನಿಂದ ಪಂಪಿಗೆ ಬರುವ ಲೈನಿನಲ್ಲಿ ಒಂದು ಅಡಿ ಪಾರದರ್ಶಕ ಡೀಸೆಲ್ ಪೈಪ್ ಸೇರಿಸಿ ಎಂಜಿನ್ ಓಡಿಸಿ. ಗುಳ್ಳೆ ಬಂದರೆ ತಪ್ಪು ಪಂಪಿನದಲ್ಲ, ಅದರ ಹಿಂದೆ ಎಲ್ಲೋ ಗಾಳಿ ಎಳೆಯುತ್ತಿದೆ. ಎಂಜಿನ್ ಓಡುವಾಗ ಈ ಭಾಗದಲ್ಲಿ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಹೋಗುವುದರಿಂದ ಲೀಕ್ ಕಣ್ಣಿಗೆ ಬೀಳುವುದಿಲ್ಲ. ಹಳೆ ರಬ್ಬರ್ ಹೋಸ್, ಬ್ಯಾಂಜೋ ಬೋಲ್ಟಿನ (ಡೀಸೆಲ್ ಪೈಪ್ ಕೂಡಿಸುವ, ಒಳಗೆ ತೂತಿರುವ ಬೋಲ್ಟ್) ವಾಷರ್, ಫಿಲ್ಟರ್ ಸೀಲ್ ಒಂದೊಂದಾಗಿ ನೋಡಿ.

ಗುಳ್ಳೆ ಇಲ್ಲ, ಆದರೂ ಪಂಪಿನ ಔಟ್‌ಲೆಟ್‌ನಲ್ಲಿ ಒತ್ತಡ ಮ್ಯಾನ್ಯುಯಲ್‌ನಲ್ಲಿ ಹೇಳಿದ್ದಕ್ಕಿಂತ ಕಡಿಮೆ, ಟ್ಯಾಂಕಿನ ಲೈನೂ ಕಟ್ಟಿಕೊಂಡಿಲ್ಲ ಅಂದರೆ ಪಂಪ್ ಬದಲಿಸಿ. ಎಂಜಿನ್ ಆಯಿಲ್ ಮಟ್ಟ ಏರಿ ಡೀಸೆಲ್ ವಾಸನೆ ಬರುತ್ತಿದ್ದರೆ ಪಂಪಿನಿಂದ ಡೀಸೆಲ್ ಆಯಿಲ್‌ಗೆ ಸೇರಿರಬಹುದು, ಆಯಿಲ್ ಕೂಡ ಬದಲಿಸಲೇಬೇಕು. ತೆಳುವಾದ ಆಯಿಲ್ ಬೇರಿಂಗ್ ತಿಂದುಹಾಕುತ್ತದೆ.

ಹೊಸ ಪಂಪ್ ಕೂರಿಸುವಾಗ, ಅದು ಕ್ಯಾಮ್‌ನಿಂದ (ಎಂಜಿನ್ ಜೊತೆ ತಿರುಗುತ್ತಾ ಪಂಪನ್ನು ಒತ್ತುವ ಉಬ್ಬು ಭಾಗ) ನಡೆಯುವ ಪಂಪಾದರೆ, ಕ್ಯಾಮಿನ ತಗ್ಗು ಭಾಗ ಪಂಪಿನ ಕಡೆಗೆ ಬರುವಂತೆ ಎಂಜಿನ್ ತಿರುಗಿಸಿಕೊಂಡು ಬೋಲ್ಟ್‌ಗಳನ್ನು ಸಮನಾಗಿ ಬಿಗಿ ಮಾಡಿ. ತಾಮ್ರದ ವಾಷರ್ ಹೊಸದೇ ಹಾಕಿ. ಕೊನೆಗೆ ಫಿಲ್ಟರಿನ ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪ್ರೈಮರ್ (ಕೈಯಿಂದ ಡೀಸೆಲ್ ತಳ್ಳುವ ಪಂಪ್) ಒತ್ತಿ. ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಪೈಪಿನಿಂದ ಹೆಚ್ಚಿನ ಒತ್ತಡದ ಡೀಸೆಲ್ ಕೊಡುವ) ಗಾಡಿಯಲ್ಲಿ ಎಂಜಿನ್ ಓಡುವಾಗ ಇಂಜೆಕ್ಟರ್ ಪೈಪ್ ಮಾತ್ರ ಸಡಿಲಿಸಲೇಬೇಡಿ, ಅಲ್ಲಿ ಒತ್ತಡ 1000 ಬಾರ್ ದಾಟಬಹುದು, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.