ಒಂದು ಕಣ್ಣು ಮುಚ್ಚಿ ಹೇಳ್ರಿ

ಬಾಗಲಕೋಟೆ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ನೇತ್ರಾಧಿಕಾರಿ. 19 ವರ್ಷ ಆಯಿತು. ಆಪರೇಷನ್ ಮಾಡುವವನಲ್ಲ. ಕನ್ನಡಕದ ನಂಬರ್ ತೆಗೆಯುವುದು, ಕಣ್ಣಿನ ಒತ್ತಡ ನೋಡುವುದು, ಪೊರೆ ಬಂದವರನ್ನು ಡಾಕ್ಟರ ಹತ್ತಿರ ಕಳಿಸುವುದು, ಶಾಲೆಗಳಿಗೆ ಹೋಗಿ ಮಕ್ಕಳ ಕಣ್ಣು ನೋಡುವುದು, ಇದು ನನ್ನ ಕೆಲಸ. ದಿನಾ ಬಾಯಿಗೆ ಬರುವ ಮಾತು ಒಂದೇ: "ಒಂದು ಕಣ್ಣು ಮುಚ್ಚಿ ಹೇಳ್ರಿ."

ಈ ಮಾತನ್ನು ನನ್ನ ಸ್ವಂತ ಮಗನಿಗೆ 7 ವರ್ಷ ತುಂಬುವವರೆಗೆ ನಾನು ಹೇಳಿರಲಿಲ್ಲ.

ಅವತ್ತು ಭಾನುವಾರ. ಮರುದಿನ ಹಳ್ಳಿ ಶಾಲೆಯೊಂದರಲ್ಲಿ ತಪಾಸಣೆ ಇತ್ತು, ಹಾಗಾಗಿ ನಂಬರ್ ತೆಗೆಯುವ ಗಾಜುಗಳ ಪೆಟ್ಟಿಗೆ, ಅಂದರೆ ಟ್ರಯಲ್ ಬಾಕ್ಸ್, ಮನೆಗೆ ತಂದಿದ್ದೆ. ಮಗ ಟ್ರಯಲ್ ಫ್ರೇಮ್ ಮೂಗಿಗೆ ಏರಿಸಿಕೊಂಡು ಡಾಕ್ಟರ ಆಟ ಆಡುತ್ತಿದ್ದ. ಬಲಗಣ್ಣಿಗೆ ಕಪ್ಪು ಬಿಲ್ಲೆ ಸಿಕ್ಕಿಸಿಕೊಂಡವನು "ಅಪ್ಪಾ, ಟಿವಿ ಮಬ್ಬಾತು" ಅಂದ. ಸುಮ್ನೆ ತಮಾಷೆ ಅಂದುಕೊಂಡೆ. ಬಿಲ್ಲೆಯನ್ನು ಎಡಗಣ್ಣಿಗೆ ಹಾಕಿದ. "ಈಗ ಛಲೋ ಆತು." ನನ್ನ ಕೈಯಲ್ಲಿದ್ದ ಚಹಾ ಅಲ್ಲೇ ಉಳಿಯಿತು.

ಬಲಗಣ್ಣು 6/6. ಎಡಗಣ್ಣು 6/36. ಅಂದರೆ, ಎಲ್ಲರೂ 36 ಮೀಟರ್ ದೂರದಿಂದ ಓದುವ ಅಕ್ಷರವನ್ನು ಆ ಕಣ್ಣು 6 ಮೀಟರ್‌ಗೆ ಬಂದು ಓದಬೇಕು. ಮೆಳ್ಳೆಗಣ್ಣಿಲ್ಲ, ತಲೆನೋವಿಲ್ಲ, ಪುಸ್ತಕ ಮುಖಕ್ಕೆ ಹಿಡಿಯುತ್ತಿರಲಿಲ್ಲ. ಒಂದು ಕಣ್ಣು ಚೆನ್ನಾಗಿದ್ದರೆ ಮಗುವಿಗೆ ಜಗತ್ತೇ ಚೆನ್ನಾಗಿ ಕಾಣುತ್ತದೆ. ಇನ್ನೊಂದು ಕಣ್ಣು ಕಳಿಸುವ ಮಬ್ಬು ಚಿತ್ರವನ್ನು ಮಿದುಳು ತೆಗೆದುಕೊಳ್ಳುವುದನ್ನೇ ಬಿಟ್ಟುಬಿಡುತ್ತದೆ. ಇದಕ್ಕೆ ಸೋಮಾರಿ ಕಣ್ಣು ಅನ್ನುತ್ತೇವೆ. ಹೆಸರು ನನಗೆ ಇಷ್ಟವಿಲ್ಲ. ಕಣ್ಣು ಸೋಮಾರಿಯಲ್ಲ, ಅದಕ್ಕೆ ಯಾರೂ ಕೆಲಸ ಕೊಟ್ಟಿಲ್ಲ, ಅಷ್ಟೇ.

ಡಾಕ್ಟರು ಹೇಳಿದಂತೆ 3 ದಿನ ಪಾಪೆ ಹಿಗ್ಗಿಸುವ ಅಟ್ರೋಪಿನ್ ಮುಲಾಮು ಹಾಕಿ ರೆಟಿನೋಸ್ಕೋಪ್ ಹಿಡಿದೆ. ಕತ್ತಲೆ ಕೋಣೆಯಲ್ಲಿ ಒಂದು ಪಟ್ಟಿ ಬೆಳಕನ್ನು ಪಾಪೆಯ ಮೇಲೆ ಅತ್ತಿತ್ತ ಆಡಿಸಿದರೆ ಒಳಗಿನಿಂದ ಕೆಂಪು ಹೊಳಪು ಕಾಣುತ್ತದೆ. ಆ ಹೊಳಪು ಬೆಳಕಿನ ಜೊತೆಗೇ ಓಡಿದರೆ ಪ್ಲಸ್ ಗಾಜು ಇಡುತ್ತಾ ಹೋಗಬೇಕು, ಎದುರು ಓಡಿದರೆ ಮೈನಸ್. ಓಡಾಟ ನಿಂತು ಪಾಪೆ ತುಂಬ ಬೆಳಕು ತುಂಬಿತೋ, ಅಲ್ಲಿಗೆ ಮುಟ್ಟಿದೆವು. ಕೊನೆಯಲ್ಲಿ ನಾನು ಕೂತ ದೂರದ ಲೆಕ್ಕ ಕಳೆದರೆ ನಂಬರ್ ಸಿಕ್ಕಿತು. ಮಗು ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ. ಹೀಗೆ ಸಾವಿರಾರು ಮಕ್ಕಳಿಗೆ ನೋಡಿದವನು ನಾನು. ಅವನ ಎಡಗಣ್ಣಿಗೆ ಬಂದದ್ದು ಪ್ಲಸ್ 4.5. ಬಲಕ್ಕೆ ಹೆಸರಿಗೆ ಮುಕ್ಕಾಲು.

ಮೊದಲು ದಿನವಿಡೀ ಕನ್ನಡಕ. ಆಮೇಲೆ ಚೆನ್ನಾಗಿರುವ ಬಲಗಣ್ಣಿಗೆ ದಿನಕ್ಕೆ 2 ಗಂಟೆ ಪಟ್ಟಿ. ಹೇಳುವುದು ಸುಲಭ. ಪಟ್ಟಿ ಹಾಕಿದ ಮೊದಲ ವಾರ ದಿನಾ ಅಳು. ಬೇಸಿಗೆಯ ಬೆವರಿಗೆ ಪಟ್ಟಿ ಕಿತ್ತು ಬರುತ್ತಿತ್ತು. ಬರದಿದ್ದರೆ ಮೂಗಿನ ಪಕ್ಕದ ಸಂದಿಯಿಂದ ಕದ್ದು ನೋಡುತ್ತಿದ್ದ. ಪಟ್ಟಿ ಹಾಕಿ ಸುಮ್ನೆ ಕೂರಿಸಿದರೆ ಅಷ್ಟು ಲಾಭವಿಲ್ಲ, ಹತ್ತಿರದ ಸಣ್ಣ ಕೆಲಸ ಕೊಡಬೇಕು. ದಾರಿ ಹುಡುಕಿದ್ದು ನಮ್ಮವ್ವ. ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಎದುರು ಕೂರಿಸಿ, ಒಂದು ಹರಳು ಹುಡುಕಿದರೆ ನಾಲ್ಕಾಣೆ ಅಂದಳು. ಬೇಳೆಯಲ್ಲಿ ಹರಳು ಮುಗಿದಾಗ ತಾನೇ ಅಂಗಳದಿಂದ ತಂದು ಬೆರೆಸುತ್ತಿದ್ದಳಂತೆ. ಇದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ, ಅನ್ನದಲ್ಲಿ ಹಲ್ಲಿಗೆ ಸಿಕ್ಕಾಗ.

8 ತಿಂಗಳಿಗೆ 6/12. ಇನ್ನೂ ಆರು ತಿಂಗಳಿಗೆ 6/9. ಅಲ್ಲಿಗೆ ನಿಂತಿತು. ಮೂರು ವರ್ಷದವನಿದ್ದಾಗಲೇ ಒಂದು ಕಣ್ಣು ಮುಚ್ಚಿಸಿದ್ದರೆ ಇನ್ನೂ ಒಂದು ಸಾಲು ಓದುತ್ತಿದ್ದನೇನೋ. ಆ ಸಾಲು ನನ್ನ ಲೆಕ್ಕದಲ್ಲಿದೆ.

ಆಮೇಲೆ ಶಾಲೆಗಳಲ್ಲಿ ನನ್ನ ರೀತಿ ಬದಲಾಯಿತು. ಮಕ್ಕಳಿಗೆ ಬೆರಳಿಂದ ಕಣ್ಣು ಮುಚ್ಚಲು ಬಿಡುವುದಿಲ್ಲ, ಬೆರಳ ಸಂದಿಯಿಂದ ನೋಡುತ್ತಾರೆ. ಹಿಂದೆ ಒಬ್ಬ ಟೀಚರ್ ನಿಂತು ಅಂಗೈ ಅಡ್ಡ ಹಿಡಿಯಬೇಕು. ಸರದಿಯಲ್ಲಿ ನಿಂತವರು ಚಾರ್ಟ್ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಅದಕ್ಕೇ ಇಂಗ್ಲಿಷಿನ 'ಈ' ಅಕ್ಷರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿದ ಚಾರ್ಟ್ ಒಯ್ಯುತ್ತೇನೆ, ಒಂದು ಕಣ್ಣಾದ ಮೇಲೆ ಅದನ್ನು ತಲೆಕೆಳಗು ಮಾಡುತ್ತೇನೆ.

ನಲವತ್ತು ದಾಟಿದವರ ಕಥೆ ಬೇರೆ. ನಮ್ಮ ಕಡೆ ಚಾಳೀಸು ಅನ್ನುತ್ತಾರಲ್ಲ, ಅದು. ಕಣ್ಣಿನೊಳಗಿನ ಮಸೂರ ಗಟ್ಟಿಯಾಗಿ ಹತ್ತಿರದ್ದಕ್ಕೆ ಬಾಗುವುದಿಲ್ಲ. ರೋಗವಲ್ಲ. ಇಲ್ಲಿ ನಾನು ಮಾಡಿದ ತಪ್ಪು ಇಳಕಲ್ಲಿನ ಒಬ್ಬ ನೇಕಾರರದ್ದು. 50ರ ಆಸುಪಾಸು. ಓದುವ ಕಾರ್ಡ್ ಕೈಗೆ ಕೊಟ್ಟು, ಪ್ಲಸ್ 2 ಬರೆದು ಕಳಿಸಿದೆ. ವಾರಕ್ಕೆ ವಾಪಸ್ ಬಂದರು. "ಸರ್ರ, ಪೇಪರ್ ಛಲೋ ಕಾಣ್ತೈತ್ರಿ. ಎಳಿ ಕಾಣವಲ್ದು. ನಾ ಪೇಪರ್ ಓದಂಗಿಲ್ರಿ." ಮಗ್ಗದಲ್ಲಿ ಕೂತಾಗ ಎಳೆ ಅವರಿಂದ ಎರಡು ಅಡಿ ದೂರ. ನಾನು ಕೊಟ್ಟದ್ದು ಒಂದೂಕಾಲು ಅಡಿಗೆ. ಟೇಪು ಹಿಡಿದು ಅಳೆದು ಪ್ಲಸ್ 1.25ಕ್ಕೆ ಇಳಿಸಿದೆ. ಅವತ್ತಿಂದ ನಂಬರ್ ತೆಗೆಯುವ ಮೊದಲು ಕೇಳುವುದು "ಏನ್ ಕೆಲಸ ಮಾಡ್ತೀರಿ?" ಅಂತ.

ಇನ್ನು ವಯಸ್ಸಾದವರು. ಒಂದೇ ದಿನ, ಒಂದೇ ಬೆಂಚಿನ ಮೇಲೆ ಕೂತಿದ್ದ ಇಬ್ಬರು ಅಜ್ಜಂದಿರು ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು: "ನಿನ್ನಿ ತನಕ ಛಲೋ ಇತ್ರಿ, ಎಡಗಣ್ಣು ಒಮ್ಮಿಗೇ ಹೋತು." ಒಮ್ಮೆಗೇ ಹೋಗಿರಲಿಲ್ಲ. ಒಬ್ಬರಿಗೆ ಬಲಗಣ್ಣಿಗೆ ದೂಳು ಬಿದ್ದು ಉಜ್ಜಿಕೊಂಡಿದ್ದರು, ಇನ್ನೊಬ್ಬರು ಮುಖ ತೊಳೆಯುವಾಗ ಬಲಗಣ್ಣಿಗೆ ಸೋಪು ಹೋಗಿ ಮುಚ್ಚಿಕೊಂಡಿದ್ದರು. ಆಗ ಎಡಗಣ್ಣಿನ ಗುಟ್ಟು ರಟ್ಟಾಗಿತ್ತು.

ಟಾರ್ಚ್ ಬಿಟ್ಟೆ. ಮೊದಲ ಅಜ್ಜನ ಪಾಪೆ ಬೆಳ್ಳಗೆ. ಟಾರ್ಚನ್ನು ಬಲದಿಂದ ಎಡಕ್ಕೆ ಸರಿಸಿದಾಗಲೂ ಪಾಪೆ ಚುರುಕಾಗಿ ಕುಗ್ಗಿತು. ಸಮಾಧಾನ ಆಯಿತು. ಪೊರೆ ಎಷ್ಟೇ ದಪ್ಪ ಇರಲಿ, ಕಣ್ಣಿಂದ ಮಿದುಳಿಗೆ ಹೋಗುವ ನರ ಚೆನ್ನಾಗಿದ್ದರೆ ಪಾಪೆ ಹೀಗೆ ಕುಗ್ಗುತ್ತದೆ. ಎರಡನೇ ಅಜ್ಜನ ಪಾಪೆ ಕಪ್ಪಗೆ, ನೋಡಲು ಚೆಂದ. ಆದರೆ ಟಾರ್ಚ್ ಎಡಕ್ಕೆ ಬಂದಾಗ ಕುಗ್ಗುವ ಬದಲು ಹಿಗ್ಗಿತು. ಒತ್ತಡ ನೋಡಿದರೆ 38. ಸಾಮಾನ್ಯವಾಗಿ 10ರಿಂದ 21ರೊಳಗೆ ಇರಬೇಕು. ಗ್ಲಾಕೋಮಾ, ಅಂದರೆ ಕಣ್ಣಿನ ನರವನ್ನು ಮೆಲ್ಲಗೆ ಸಾಯಿಸುವ ರೋಗ. ನರ ಸತ್ತ ಮೇಲೆ ಯಾವ ಆಪರೇಷನ್ನಿಗೂ ಆ ನೋಟ ಮರಳುವುದಿಲ್ಲ.

ಮೊದಲ ಅಜ್ಜ "ಪೊರಿ ಹಣ್ಣಾಗ್ಲಿ ಅಂತ ಬಿಟ್ಟಿದ್ನಿ" ಅಂದರು. ಹಣ್ಣಾಗುವವರೆಗೆ ಕಾಯುವ ಕಾಲ ಯಾವಾಗಲೋ ಹೋಯಿತು. ಕಾದಷ್ಟೂ ಮಸೂರ ಕಲ್ಲಾಗಿ ಆಪರೇಷನ್ ಕಷ್ಟ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಶಿಬಿರ ಮಾಡುತ್ತಿದ್ದ ಕಾಲದಲ್ಲಿ ನಮ್ಮಜ್ಜಿಗೂ ಆಪರೇಷನ್ ಆಗಿತ್ತು. ಆಗ ಒಳಗೆ ಮಸೂರ ಕೂರಿಸುತ್ತಿರಲಿಲ್ಲ. ಪ್ಲಸ್ 10ರ ಸೋಡಾಗ್ಲಾಸು ಹಾಕಿಕೊಂಡು, ಬಾಗಿಲ ಚೌಕಟ್ಟು ಡೊಂಕಾಗಿ ಕಾಣುತ್ತದೆ ಅಂತ ಗೋಡೆ ಹಿಡಿದು ನಡೆಯುತ್ತಿದ್ದಳು. ಈಗ ಕಣ್ಣಿನ ಉದ್ದ ಅಳೆದು ಅದಕ್ಕೆ ತಕ್ಕ ಮಸೂರ ಒಳಗೇ ಇಡುತ್ತಾರೆ. ಅಳತೆಯಲ್ಲಿ 1 ಮಿಲಿಮೀಟರ್ ತಪ್ಪಿದರೆ ಎರಡೂವರೆ, ಮೂರು ನಂಬರ್ ಏರುಪೇರು. ಅದಕ್ಕೇ ನಾನು ಮೂರು ಸಲ ಅಳೆಯುತ್ತೇನೆ.

ಎರಡನೇ ಅಜ್ಜನಿಗೆ ಉಳಿದ ಕಣ್ಣಿಗಾಗಿ ಡಾಕ್ಟರು ಟಿಮೊಲಾಲ್ ಹನಿ ಬರೆದರು. ದಮ್ಮು ಇದೆಯಾ ಅಂತ ಕೇಳದೆ ಈ ಹನಿ ಕೊಡಬಾರದು. ಒಂದೇ ಹನಿ, ಹಾಕಿದ ಮೇಲೆ ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಔಷಧಿ ಗಂಟಲಿಗೆ ಇಳಿಯುತ್ತದೆ. ಗ್ಲಾಕೋಮಾ ಮನೆತನದಲ್ಲಿ ಬರುತ್ತದೆ, ತಮ್ಮನನ್ನು ಕರೆತನ್ನಿ ಅಂದೆ. "ಅವಂಗೇನಾಗೇತ್ರಿ, ಟ್ರ್ಯಾಕ್ಟರ್ ಹೊಡಿತಾನ" ಅಂದರು. ಮೂರನೇ ಸಲ ಹೇಳಿದ ಮೇಲೆ ಬಂದ. ಒತ್ತಡ 27, ನರ ಇನ್ನೂ ಬಹುಪಾಲು ಉಳಿದಿತ್ತು. ಆರು ವರ್ಷದಿಂದ ಹನಿ ಹಾಕುತ್ತಿದ್ದಾನೆ, ಟ್ರ್ಯಾಕ್ಟರ್ ಈಗಲೂ ಹೊಡೆಯುತ್ತಾನೆ.

ಸಕ್ಕರೆ ಕಾಯಿಲೆಯವರಿಗೆ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸುವ ಹನಿ ಹಾಕಿ ಕಣ್ಣಿನ ಹಿಂಭಾಗ ನೋಡಿಸಬೇಕು, ಚೆನ್ನಾಗಿ ಕಾಣುತ್ತಿದ್ದರೂ. ದಿನ ತುಂಬದೆ ಹುಟ್ಟಿದ, 2 ಕಿಲೋಗಿಂತ ಕಡಿಮೆ ತೂಗಿದ ಕೂಸಿನ ಕಣ್ಣನ್ನು 30 ದಿನದೊಳಗೆ ತೋರಿಸಲೇಬೇಕು. ಜೋಳದ ಗರಿ ತಾಗಿ ಕೆಂಪಾದ ಕಣ್ಣಿಗೆ ಯಾರೋ ಹೇಳಿದ ಹನಿ ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದು, ಗಾಯಕ್ಕೆ ಬೂಷ್ಟು ಹತ್ತಿದ್ದರೆ ಕಣ್ಣೇ ಹೋಗಬಹುದು.

ಮಗನಿಗೆ ಈಗ 15. ಮನೆಗೆ ಬಂದವರನ್ನೆಲ್ಲ ಗೋಡೆಯ ಕ್ಯಾಲೆಂಡರ್ ಎದುರು ನಿಲ್ಲಿಸಿ ಒಂದೊಂದೇ ಕಣ್ಣು ಮುಚ್ಚಿಸುತ್ತಾನೆ. ಹೋದ ತಿಂಗಳು ಆಸ್ಪತ್ರೆಗೆ ಫೋನ್ ಮಾಡಿದ್ದ. "ಅಪ್ಪಾ, ಅಜ್ಜಿಗೆ ಬಲಗಣ್ಣಿಲೆ ತಾರೀಖು ಕಾಣವಲ್ದು." ಸಂಜೆ ಹೋಗಿ ಟಾರ್ಚ್ ಬಿಟ್ಟೆ. ಪೊರೆ. ಪಾಪೆ ಚುರುಕಾಗಿದೆ. ಅವ್ವ ಮಾತ್ರ ದೀಪಾವಳಿ ಮುಗಿಯುವವರೆಗೆ ಬರುವುದಿಲ್ಲ ಅಂತ ಕೂತಿದ್ದಾಳೆ. ಅಲ್ಲಿಯವರೆಗೆ ಬೇಳೆ ಆರಿಸುವ ಕೆಲಸ ಮೊಮ್ಮಗನದು.