ಕರೆಂಟ್ ಕಂಪನಿಗೆ ಎಂಬಿಎ ಯಾಕೆ ಬೇಕು? ವಿದ್ಯುತ್ ವಲಯ ಸೇರಲು ಹೀಗೆ ಶುರು ಮಾಡಿ

ವಿದ್ಯುತ್ ವಲಯ ಅಂದರೆ ಎಂಜಿನಿಯರ್‌ಗಳ ಜಾಗ, ಎಂಬಿಎ, ಎಂಕಾಂ ಓದಿದವರಿಗೆ ಅಲ್ಲೇನು ಕೆಲಸ ಎಂದು ಕೇಳುವವರು ಈಗಲೂ ಇದ್ದಾರೆ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಎಂಜಿನಿಯರ್‌ಗಳದ್ದೇ, ಸರಿ. ಆದರೆ ತಂತಿಯಲ್ಲಿ ಹರಿಯುವ ಯೂನಿಟ್ ಯಾರದ್ದು, ಯಾರು ಕೊಂಡರು, ಯಾವ ದರಕ್ಕೆ, ಘಟಕಕ್ಕೆ ಸಾಲ ಕೊಟ್ಟ ಬ್ಯಾಂಕಿಗೆ ಕಂತು ಹೇಗೆ ಹೋಗುತ್ತದೆ? ಇದನ್ನೆಲ್ಲ ನೋಡಿಕೊಳ್ಳಲು ಲೆಕ್ಕ ಮತ್ತು ಒಪ್ಪಂದ ಗೊತ್ತಿರುವವರು ಬೇಕು. ಖಾಸಗಿ ಸೋಲಾರ್, ಪವನ ವಿದ್ಯುತ್ ಕಂಪನಿಗಳು ಬಂದ ಮೇಲೆ ಇಂಥವರ ಅಗತ್ಯ ಜಾಸ್ತಿಯಾಗಿದೆ. ಮೊದಲ ವರ್ಷದಲ್ಲಿ ಓದುತ್ತಿರುವಾಗಲೇ ತಯಾರಿ ಶುರು ಮಾಡಬಹುದು. ಖರ್ಚೂ ಹೆಚ್ಚೇನಿಲ್ಲ.

ಹಂತ 1: ಒಂದು ಎಚ್‌ಟಿ ಬಿಲ್ ಹಿಡಿದು ಕೂರಿ

ಮನೆಯ ಬಿಲ್ ಸಾಲದು. ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಅದನ್ನು ತಿರುಗಿಸಿಯೂ ನೋಡುವುದಿಲ್ಲ. ನಿಮಗೆ ಬೇಕಾಗಿರುವುದು ಕಾರ್ಖಾನೆ, ಆಸ್ಪತ್ರೆ ಅಥವಾ ದೊಡ್ಡ ಕಾಲೇಜಿನ ಎಚ್‌ಟಿ, ಅಂದರೆ ಹೈ ಟೆನ್ಷನ್ ಸಂಪರ್ಕದ ಬಿಲ್. ನಿಮ್ಮ ಕಾಲೇಜಿನ ಲೆಕ್ಕಪತ್ರ ವಿಭಾಗದಲ್ಲೇ ಒಮ್ಮೆ ಕೇಳಿ ನೋಡಿ.

ಅದರಲ್ಲಿ ಬಳಸಿದ ಯೂನಿಟ್‌ಗೆ ಒಂದು ದರ ಇರುತ್ತದೆ. ಅದಲ್ಲದೆ ಕೆವಿಎ ಲೆಕ್ಕದಲ್ಲಿ ಡಿಮ್ಯಾಂಡ್ ಶುಲ್ಕ, ಅಂದರೆ ಒಮ್ಮೆಗೆ ಗರಿಷ್ಠ ಎಷ್ಟು ವಿದ್ಯುತ್ ಎಳೆಯಬಹುದು ಎಂಬುದರ ಮೇಲಿನ ಶುಲ್ಕ ಇರುತ್ತದೆ. ಕಾಲೇಜಿಗೆ ರಜೆ ಕೊಟ್ಟು ಬಾಗಿಲು ಹಾಕಿದ್ದರೂ ಒಪ್ಪಂದ ಮಾಡಿಕೊಂಡ ಡಿಮ್ಯಾಂಡಿನ ಬಹುಪಾಲಿಗೆ ದುಡ್ಡು ಕಟ್ಟಲೇಬೇಕು. ಇದರ ಮೇಲೆ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ, ಅಂದರೆ ಎಫ್‌ಪಿಪಿಸಿಎ. ಪವರ್ ಫ್ಯಾಕ್ಟರ್, ಅಂದರೆ ಎಳೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು, ಕಡಿಮೆಯಾದರೆ ದಂಡ. ಕೊನೆಗೆ ತೆರಿಗೆ. ಹನ್ನೆರಡು ತಿಂಗಳ ಬಿಲ್ ಸಿಕ್ಕರೆ ಒಂದು ಶೀಟ್‌ನಲ್ಲಿ ಹಾಕಿ, ಎಲ್ಲ ಸೇರಿಸಿ ಒಂದು ಯೂನಿಟ್‌ಗೆ ನಿಜವಾಗಿ ಎಷ್ಟು ಬಿತ್ತು ಎಂದು ತೆಗೆಯಿರಿ. ಸೋಲಾರ್ ಕಂಪನಿಯ ಮಾರಾಟ ವಿಭಾಗದವರು ಗ್ರಾಹಕರ ಬಳಿ ಹೋದಾಗ ಮೊದಲು ಮಾಡುವ ಕೆಲಸ ಇದೇ.

ಹಂತ 2: 26 ಮತ್ತು 51ರ ಲೆಕ್ಕ ಅರ್ಥ ಮಾಡಿಕೊಳ್ಳಿ

2003ರ ವಿದ್ಯುತ್ ಕಾಯ್ದೆ ದೊಡ್ಡ ಗ್ರಾಹಕರಿಗೆ ಎಸ್ಕಾಂ (ಬೆಸ್ಕಾಂನಂಥ ವಿದ್ಯುತ್ ವಿತರಣಾ ಕಂಪನಿ) ಬಿಟ್ಟು ಬೇರೆಯವರಿಂದಲೂ ವಿದ್ಯುತ್ ಕೊಳ್ಳಲು ದಾರಿ ಮಾಡಿತು. ಇದೇ ಓಪನ್ ಆಕ್ಸೆಸ್. 2022ರಲ್ಲಿ ಕೇಂದ್ರದ ಹಸಿರು ಓಪನ್ ಆಕ್ಸೆಸ್ ನಿಯಮ ಬಂದು, 100 ಕಿಲೋವಾಟ್ ಮಂಜೂರಾತಿ ಇರುವವರೂ ಈ ಸಾಲಿಗೆ ಸೇರಿದರು. ಅಂದರೆ ಮಧ್ಯಮ ಗಾತ್ರದ ಕಾರ್ಖಾನೆ, ಮಾಲ್, ಆಸ್ಪತ್ರೆಗಳೂ ಈಗ ಗ್ರಾಹಕರೇ.

ಆದರೆ ಹೀಗೆ ಹೊರಗೆ ಕೊಂಡರೆ ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ ಕಟ್ಟಬೇಕು. ಉದ್ದಿಮೆಗಳು ಹೆಚ್ಚು ದರ ಕೊಡುವುದರಿಂದಲೇ ಬೇರೆ ಕೆಲವರಿಗೆ ಕಡಿಮೆ ದರದಲ್ಲಿ ಕರೆಂಟ್ ಸಿಗುತ್ತಿರುತ್ತದೆ. ದೊಡ್ಡ ಗ್ರಾಹಕ ಎದ್ದು ಹೋದರೆ ಎಸ್ಕಾಂಗೆ ಆಗುವ ನಷ್ಟವನ್ನು ಈ ಸರ್‌ಚಾರ್ಜ್ ತುಂಬಿಕೊಡುತ್ತದೆ. ಸ್ವಂತ ಬಳಕೆಯ ಘಟಕಕ್ಕೆ, ಅಂದರೆ ಕ್ಯಾಪ್ಟಿವ್‌ಗೆ, ಇದು ಇಲ್ಲ. ಹಾಗಾಗಿ ಹುಟ್ಟಿಕೊಂಡಿದ್ದು ಗ್ರೂಪ್ ಕ್ಯಾಪ್ಟಿವ್. ನಾಲ್ಕೈದು ಕಾರ್ಖಾನೆಗಳು ಸೇರಿ ಸೋಲಾರ್ ಘಟಕದ ಕನಿಷ್ಠ 26% ಷೇರು ಹಿಡಿಯಬೇಕು. ವರ್ಷದಲ್ಲಿ ಉತ್ಪಾದನೆಯಾದ ವಿದ್ಯುತ್ತಿನ ಕನಿಷ್ಠ 51% ಅವರೇ ಬಳಸಬೇಕು. ಅದೂ ಅವರವರ ಷೇರಿಗೆ ತಕ್ಕಂತೆ. ಇದು 2005ರ ವಿದ್ಯುತ್ ನಿಯಮಗಳಲ್ಲಿದೆ.

ಲೆಕ್ಕ ನೋಡುವುದು ಹಣಕಾಸು ವರ್ಷ ಮುಗಿದ ಮೇಲೆ. ಒಂದು ಕಾರ್ಖಾನೆ ಆರು ತಿಂಗಳು ಬಂದ್ ಆಗಿ ಬಳಕೆ 51%ಕ್ಕಿಂತ ಕೆಳಗೆ ಬಿತ್ತು ಅಂದುಕೊಳ್ಳಿ. ಕ್ಯಾಪ್ಟಿವ್ ಅನ್ನುವ ಪಟ್ಟವೇ ಹೋಗಿ, ಇಡೀ ವರ್ಷದ ಸರ್‌ಚಾರ್ಜ್ ತಲೆ ಮೇಲೆ ಬೀಳುತ್ತದೆ. ಆಗ ಯಾರು ಕಟ್ಟಬೇಕು? ಒಪ್ಪಂದದಲ್ಲಿ ಮೊದಲೇ ಏನು ಬರೆದಿದ್ದರು? ಷೇರುದಾರರ ಒಪ್ಪಂದ ಮತ್ತು ವಿದ್ಯುತ್ ಖರೀದಿ ಒಪ್ಪಂದ, ಅಂದರೆ ಪಿಪಿಎ, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಬಲ್ಲವರಿಗೆ ಈ ವಲಯದಲ್ಲಿ ಬೆಲೆ ಇದೆ.

ಓದಲು ಪಠ್ಯಪುಸ್ತಕಕ್ಕಿಂತ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ, ಅಂದರೆ ಕೆಇಆರ್‌ಸಿಯ ದರ ಆದೇಶ ಒಳ್ಳೆಯದು. ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ನೂರಾರು ಪುಟ ನೋಡಿ ಹೆದರಬೇಡಿ, ನಿಮ್ಮ ಊರಿನ ಎಸ್ಕಾಂನ ವಿದ್ಯುತ್ ಖರೀದಿ ಅಧ್ಯಾಯ ಒಂದನ್ನೇ ಓದಿ. ದರ ಪರಿಷ್ಕರಣೆಗೆ ಮುಂಚೆ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಉದ್ದಿಮೆದಾರರ ಸಂಘ, ರೈತ ಮುಖಂಡರು, ಸಾಮಾನ್ಯ ಗ್ರಾಹಕರು ಎಲ್ಲರೂ ಬಂದು ವಾದ ಮಾಡುತ್ತಾರೆ. ಸುಮ್ನೆ ಹೋಗಿ ಹಿಂದಿನ ಸಾಲಿನಲ್ಲಿ ಕೂತರೂ ಒಂದು ಸೆಮಿಸ್ಟರಿನಷ್ಟು ವಿಷಯ ತಿಳಿಯುತ್ತದೆ.

ಹಂತ 3: 1 ಮೆಗಾವಾಟ್‌ನ ಎಕ್ಸೆಲ್ ಶೀಟ್ ಮಾಡಿ

ಯಾವ ಸಂದರ್ಶನಕ್ಕೆ ಹೋದರೂ ಕೈಹಿಡಿಯುವುದು ಇದು. ಅಂಕಿಗಳನ್ನು ಅಭ್ಯಾಸಕ್ಕಾಗಿ ಹೀಗೆ ಇಟ್ಟುಕೊಳ್ಳೋಣ. ವರ್ಷಕ್ಕೆ 8,760 ಗಂಟೆ. ರಾತ್ರಿ ಬಿಸಿಲಿಲ್ಲ, ಹಗಲಿನಲ್ಲೂ ಮೋಡ, ಧೂಳು ಇರುತ್ತದೆ. ಹಾಗಾಗಿ ಪೂರ್ತಿ ಸಾಮರ್ಥ್ಯದ 20% ಮಾತ್ರ ಸಿಗುತ್ತದೆ ಎನ್ನೋಣ. ಇದನ್ನು ಸಿಯುಎಫ್ ಅನ್ನುತ್ತಾರೆ. 1 ಮೆಗಾವಾಟ್ ಘಟಕದಿಂದ ವರ್ಷಕ್ಕೆ 17.52 ಲಕ್ಷ ಯೂನಿಟ್ ಬಂತು. ಯೂನಿಟ್‌ಗೆ 3 ರೂಪಾಯಿಯಂತೆ ಮಾರಿದರೆ ಆದಾಯ 52.56 ಲಕ್ಷ ರೂಪಾಯಿ.

ಈಗ ಖರ್ಚು. ಘಟಕಕ್ಕೆ 4.5 ಕೋಟಿ. ಅದರಲ್ಲಿ 70% ಸಾಲ, ಅಂದರೆ 3.15 ಕೋಟಿ. ಬಡ್ಡಿ 9% ಅಂದರೆ ಮೊದಲ ವರ್ಷ 28.35 ಲಕ್ಷ. ಅಸಲನ್ನು 15 ವರ್ಷಕ್ಕೆ ಸಮನಾಗಿ ಹಂಚಿದರೆ ವರ್ಷಕ್ಕೆ 21 ಲಕ್ಷ. ನಿರ್ವಹಣೆಗೆ 5 ಲಕ್ಷ ತೆಗೆದರೆ ಕೈಯಲ್ಲಿ ಉಳಿಯುವುದು 47.56 ಲಕ್ಷ, ಬ್ಯಾಂಕಿಗೆ ಕಟ್ಟಬೇಕಾದದ್ದು 49.35 ಲಕ್ಷ. ಮೊದಲ ವರ್ಷವೇ ಖೋತಾ!

ಸಾಲದ ಅವಧಿಯನ್ನು 20 ವರ್ಷ ಮಾಡಿ ನೋಡಿ. ಅಸಲಿನ ಕಂತು 15.75 ಲಕ್ಷಕ್ಕೆ ಇಳಿಯುತ್ತದೆ, ಬ್ಯಾಂಕಿಗೆ ಒಟ್ಟು 44.10 ಲಕ್ಷ. ಬಿಸಿಲು ಅಷ್ಟೇ, ಪ್ಯಾನೆಲ್ ಅವೇ, ಆದರೆ ಘಟಕ ಉಸಿರಾಡಿತು. ಆದರೂ ಬ್ಯಾಂಕ್ ಒಪ್ಪುವುದು ಕಷ್ಟ. ಕಟ್ಟಬೇಕಾದ ಹಣದ 1.2 ಪಟ್ಟಾದರೂ ಕೈಯಲ್ಲಿರಲಿ ಎಂದು ಅದು ಕೇಳಿತು ಅನ್ನಿ. ಆಗ ದರ ಸುಮಾರು 3 ರೂಪಾಯಿ 31 ಪೈಸೆ ಆಗಬೇಕು. ಈ 31 ಪೈಸೆಗಾಗಿಯೇ ಮಾತುಕತೆ ತಿಂಗಳುಗಟ್ಟಲೆ ನಡೆಯುವುದು. ಸಿಯುಎಫ್ 19% ಮಾಡಿ, ಬಡ್ಡಿ 10% ಮಾಡಿ, ಏನಾಗುತ್ತದೆ ನೋಡಿ. ಬ್ಯಾಂಕಿನವರೂ ಇದನ್ನೇ ಕೇಳುತ್ತಾರೆ.

ಹಂತ 4: ಮಾರುಕಟ್ಟೆಯ ದರ ಗಮನಿಸಿ

ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್ 2008ರಿಂದ ನಡೆಯುತ್ತಿದೆ. ಮರುದಿನದ ವಿದ್ಯುತ್ತನ್ನು ಇಲ್ಲಿ 15 ನಿಮಿಷದ ಒಂದೊಂದು ತುಂಡಾಗಿ ಮಾರುತ್ತಾರೆ. ದಿನಕ್ಕೆ 96 ದರ. ವೆಬ್‌ಸೈಟ್‌ನಿಂದ ಒಂದು ತಿಂಗಳ ದರ ಇಳಿಸಿಕೊಂಡು ಗ್ರಾಫ್ ಹಾಕಿ. ಸೋಲಾರ್ ತುಂಬಿರುವ ಮಧ್ಯಾಹ್ನ ದರ ಕುಸಿಯುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಏರುತ್ತದೆ. ಬ್ಯಾಟರಿ ಸಂಗ್ರಹಕ್ಕೆ ಯಾಕಿಷ್ಟು ಬೇಡಿಕೆ ಬಂದಿದೆ ಎಂದು ಯಾರೂ ವಿವರಿಸಬೇಕಿಲ್ಲ, ಗ್ರಾಫ್ ನೋಡಿದರೆ ಸಾಕು. ಟ್ರೇಡಿಂಗ್ ಡೆಸ್ಕ್, ಅಂದರೆ ವಿದ್ಯುತ್ ಕೊಳ್ಳುವ-ಮಾರುವ ವಿಭಾಗದ ಕೆಲಸ ಬೇಕಿದ್ದರೆ ಇದನ್ನು ದಿನಾ ನೋಡುವ ಅಭ್ಯಾಸ ಇರಲಿ.

ಹಂತ 5: ಇಂಟರ್ನ್‌ಶಿಪ್ ಆರಿಸುವಾಗ

ಬೆಂಗಳೂರಿನಲ್ಲಿ ಆಯ್ಕೆ ಇದೆ. ನೀತಿ ಅಧ್ಯಯನ ಇಷ್ಟವಾದರೆ ಸಿಸ್ಟೆಪ್ ಎಂಬ ಸಂಶೋಧನಾ ಸಂಸ್ಥೆ ಇದೆ. ಎಲೆಕ್ಟ್ರಿಕ್ ಸ್ಕೂಟರ್, ಚಾರ್ಜಿಂಗ್ ಕಡೆ ಒಲವಿದ್ದರೆ ಏಥರ್‌ನಂಥ ಕಂಪನಿಗಳು. ಗ್ರಾಮೀಣ ಭಾಗದಲ್ಲಿ ಕೆಲಸ ಮಾಡುವ ಮನಸ್ಸಿದ್ದವರು ಸೆಲ್ಕೊ ಹೇಗೆ ಬೆಳೆಯಿತು ಎಂದು ತಿಳಿದುಕೊಳ್ಳಿ. 1995ರಲ್ಲಿ ಶುರುವಾದ ಈ ಸಂಸ್ಥೆಯ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸೋಲಾರ್ ದೀಪಕ್ಕೆ ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ, ಕೊಳ್ಳುವವರ ಸಂಪಾದನೆಗೆ ಹೊಂದುವಂತೆ ಕಂತು ಕಟ್ಟಿಸಿದ್ದು ಅವರ ದೊಡ್ಡ ಕೆಲಸ. ಅದು ಪಕ್ಕಾ ಮ್ಯಾನೇಜ್‌ಮೆಂಟ್ ವಿಷಯ, ಅಲ್ವಾ?

ಸಾಧ್ಯವಾದರೆ ಪಾವಗಡಕ್ಕೂ ಒಮ್ಮೆ ಹೋಗಿ ಬನ್ನಿ. ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. ಭೂಮಿಯನ್ನು ಕೊಂಡಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಪಡೆದು, ಎರಡು ವರ್ಷಕ್ಕೊಮ್ಮೆ 5% ಏರಿಸುವ ಷರತ್ತು ಹಾಕಿದ್ದಾರೆ. ಮಳೆ ಇಲ್ಲದೆ ಬೀಳು ಬಿದ್ದಿದ್ದ ಹೊಲದ ಮಾಲೀಕರಿಗೆ ಇದು ಖಾತರಿ ಆದಾಯ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿ ಇಲ್ಲದವರಿಗೆ ಗುತ್ತಿಗೆ ಹಣ ಬರುವುದಿಲ್ಲ. ಪ್ರಾಜೆಕ್ಟ್ ರಿಪೋರ್ಟ್‌ಗೆ ಇದಕ್ಕಿಂತ ಗಟ್ಟಿ ವಿಷಯ ಹುಡುಕಬೇಕಿಲ್ಲ.

ಪ್ರತ್ಯೇಕ ಕೋರ್ಸ್ ಬೇಕೇ? ಫರೀದಾಬಾದಿನ ನ್ಯಾಷನಲ್ ಪವರ್ ಟ್ರೈನಿಂಗ್ ಇನ್‌ಸ್ಟಿಟ್ಯೂಟ್, ಡೆಹ್ರಾಡೂನಿನ ಯುಪಿಇಎಸ್ ಈ ವಲಯಕ್ಕೆಂದೇ ಎಂಬಿಎ ನಡೆಸಿಕೊಂಡು ಬಂದಿವೆ. ಪದವಿ ಮುಗಿಸಿ ಈಗಷ್ಟೇ ಕಾಲೇಜು ಹುಡುಕುತ್ತಿರುವವರು ಅವನ್ನು ನೋಡಬಹುದು. ಈಗಾಗಲೇ ಫೈನಾನ್ಸ್ ಎಂಬಿಎ ಮಾಡುತ್ತಿರುವವರು ಇನ್ನೊಂದು ಸರ್ಟಿಫಿಕೇಟ್‌ಗೆ ಲಕ್ಷ ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ. ಐಐಟಿಗಳ ಆನ್‌ಲೈನ್ ವೇದಿಕೆಯಾದ ಎನ್‌ಪಿಟಿಇಎಲ್‌ನ ಉಚಿತ ಪಾಠಗಳು ಮತ್ತು ಮೇಲಿನ ಎಕ್ಸೆಲ್ ಶೀಟ್ ಸಾಕು.

ಹಂತ 6: ಆಫರ್ ಬಂದಾಗ

ಸಂಬಳ ನೋಡುವ ಮುಂಚೆ ಕಂಪನಿಯ ಕರೆಂಟ್ ಕೊಳ್ಳುವವರು ಯಾರು ಎಂದು ಕೇಳಿ. ಕಾರ್ಖಾನೆಗಳಿಗೆ ಮಾರುತ್ತಿದ್ದರೆ ಒಪ್ಪಂದ ಇನ್ನೂ ಎಷ್ಟು ವರ್ಷ ಇದೆ? ರಾಜ್ಯಗಳ ವಿತರಣಾ ಕಂಪನಿಗಳಿಗೆ ಮಾರುತ್ತಿದ್ದರೆ ಹಣ ಸಮಯಕ್ಕೆ ಬರುತ್ತಿದೆಯೇ? ಯಾವ ರಾಜ್ಯದ ಕಂಪನಿ ಉತ್ಪಾದಕರಿಗೆ ಎಷ್ಟು ಬಾಕಿ ಇಟ್ಟುಕೊಂಡಿದೆ ಎಂಬುದನ್ನು ಕೇಂದ್ರ ಇಂಧನ ಸಚಿವಾಲಯ 2018ರಲ್ಲಿ ಶುರು ಮಾಡಿದ 'ಪ್ರಾಪ್ತಿ' ಪೋರ್ಟಲ್‌ನಲ್ಲಿ ನೋಡಬಹುದು. ಸಂದರ್ಶನದ ಹಿಂದಿನ ರಾತ್ರಿ ಅದನ್ನೊಮ್ಮೆ ತೆರೆಯಿರಿ. ಮರುದಿನ 'ನಿಮಗೇನಾದರೂ ಕೇಳುವುದಿದೆಯಾ?' ಅಂದಾಗ ಕೇಳಲು ಒಳ್ಳೆಯ ಪ್ರಶ್ನೆ ಸಿಕ್ಕಿರುತ್ತದೆ.