ಪುಳಿಯೋಗರೆ ಗೊಜ್ಜು: ಮನೆಗೊಂದು ಜಾಡಿ, ಕೊಡೋಕೊಂದು ಬಾಟಲಿ, ದಾರಿಗೊಂದು ಬುತ್ತಿ

ಪುಳಿಯೋಗರೆ ಕೆಟ್ಟರೆ ಎಲ್ಲರೂ ಮೊದಲು ಪುಡಿಯನ್ನೇ ದೂರುತ್ತಾರೆ. ಮೆಂತ್ಯ ಹೆಚ್ಚಾಯಿತೇನೋ, ಮೆಣಸಿನಕಾಯಿ ಅಸಲಿ ಬ್ಯಾಡಗಿಯಲ್ಲವೇನೋ ಅಂತ ಲೆಕ್ಕ ಹಾಕುತ್ತಾರೆ. ತಪ್ಪು ಬಹುತೇಕ ಆಗಿರುವುದು ಒಲೆಯ ಮುಂದೆ. ಹುಣಸೆ ರಸದ ನೀರೆಲ್ಲ ಇಂಗಿ ಎಣ್ಣೆ ಮೇಲೆ ಬರುವ ತನಕ ಕುದಿಸಿದರೆ ಗೊಜ್ಜಿಗೆ ರುಚಿಯೂ ಕೂಡುತ್ತದೆ, ಬಾಳಿಕೆಯೂ ಬರುತ್ತದೆ. ಆತುರಕ್ಕೆ ಇಳಿಸಿದರೆ ಹಸಿ ಹುಳಿ ಹಾಗೇ ಉಳಿಯುತ್ತದೆ, ಸ್ವಲ್ಪ ದಿನಕ್ಕೆ ಬೂಷ್ಟೂ ಹಿಡಿಯುತ್ತದೆ. ಆದ್ದರಿಂದ ಬಿಡುವಾಗಿರುವ ಭಾನುವಾರ ಮಧ್ಯಾಹ್ನ ನೋಡಿಕೊಂಡು ಶುರು ಮಾಡಿ.

ಇಲ್ಲಿನ ಅಳತೆಗೆ ಸುಮಾರು 800 ಗ್ರಾಂ ಗೊಜ್ಜು ಬರುತ್ತದೆ. 200 ಗ್ರಾಂ ಅಕ್ಕಿ ಹಿಡಿಯುವ ಲೋಟದಲ್ಲಿ 12 ಲೋಟ ಅಕ್ಕಿಯ ಅನ್ನ ಕಲಸಬಹುದು. ಮನೆಗೆ ಒಂದು ಜಾಡಿ ಇಟ್ಟುಕೊಂಡು ಇಬ್ಬರಿಗೆ ಒಂದೊಂದು ಸಣ್ಣ ಬಾಟಲಿ ಕೊಡುವಷ್ಟು.

ಗೊಜ್ಜಿಗೆ: ಬೀಜ, ನಾರು ತೆಗೆದ ಹುಣಸೆಹಣ್ಣು 250 ಗ್ರಾಂ, ಬೆಲ್ಲ 150 ಗ್ರಾಂ, ಉಪ್ಪು 75 ಗ್ರಾಂ, ಕಡಲೆಕಾಯಿ ಎಣ್ಣೆ ಅಥವಾ ಎಳ್ಳೆಣ್ಣೆ 200 ಮಿಲಿ, ಅರಿಶಿನ ಒಂದು ಟೀ ಚಮಚ, ಸಾಸಿವೆ ಎರಡು ಟೀ ಚಮಚ, ಇಂಗು ಅರ್ಧ ಟೀ ಚಮಚ, ಕರಿಬೇವು ನಾಲ್ಕು ಕಡ್ಡಿ.

ಪುಡಿಗೆ: ಕೊತ್ತಂಬರಿ ಬೀಜ 30 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 20 ಗ್ರಾಂ, ಗುಂಟೂರು ಮೆಣಸಿನಕಾಯಿ 8 ಗ್ರಾಂ, ಕಡಲೆಬೇಳೆ 15 ಗ್ರಾಂ, ಉದ್ದಿನಬೇಳೆ 15 ಗ್ರಾಂ, ಜೀರಿಗೆ 8 ಗ್ರಾಂ, ಕಾಳುಮೆಣಸು 8 ಗ್ರಾಂ, ಮೆಂತ್ಯ 4 ಗ್ರಾಂ.

ಕಲಸುವಾಗ ಹಾಕುವ ಪುಡಿಗೆ: ಕರಿ ಎಳ್ಳು 50 ಗ್ರಾಂ, ಕೊಬ್ಬರಿ ತುರಿ 100 ಗ್ರಾಂ. ಕಡಲೆಕಾಯಿ ಬೀಜ ನಿಮ್ಮಿಷ್ಟದಷ್ಟು.

ಉಪ್ಪು, ಹುಣಸೆ ಎರಡನ್ನೂ ತೂಗಿಯೇ ಹಾಕಿ. ಕಲ್ಲುಪ್ಪು, ಪುಡಿಯುಪ್ಪು ಒಂದೇ ಚಮಚದಲ್ಲಿ ಒಂದೇ ತೂಕ ಬರುವುದಿಲ್ಲ. ಹುಣಸೆ ಹಳೆಯದಿರಲಿ. ವರ್ಷ ದಾಟಿ ಕಪ್ಪಾಗಿರುವ ಹಣ್ಣಿನ ಹುಳಿ ಮೃದು, ಗೊಜ್ಜಿಗೆ ಕಡುಬಣ್ಣವೂ ಬರುತ್ತದೆ. ಕೆಂಪಗಿರುವ ಹೊಸ ಹಣ್ಣಷ್ಟೇ ಇದ್ದರೆ 220 ಗ್ರಾಂ ಸಾಕು.

ಹುಣಸೆಯನ್ನು 750 ಮಿಲಿ ಬಿಸಿನೀರಿನಲ್ಲಿ ಮುಕ್ಕಾಲು ಗಂಟೆ ನೆನೆಸಿ, ಚೆನ್ನಾಗಿ ಕಿವುಚಿ ಸೋಸಿ. ಉಳಿದ ಚರಟಕ್ಕೆ ಇನ್ನೊಂದು ಲೋಟ ಬಿಸಿನೀರು ಹಾಕಿ ಮತ್ತೊಮ್ಮೆ ಹಿಂಡಿ. ರಸವನ್ನು ಹತ್ತು ನಿಮಿಷ ಅಲುಗಾಡಿಸದೆ ಬಿಟ್ಟರೆ ಮರಳು ತಳ ಸೇರುತ್ತದೆ. ಮೇಲಿನದನ್ನು ಬಗ್ಗಿಸಿಕೊಂಡು ಕೊನೆಯ ಎರಡು ಚಮಚ ಚೆಲ್ಲಿಬಿಡಿ. ಬೆಲ್ಲದಲ್ಲೂ ಮರಳಿರುತ್ತದೆ, ಕಾಲು ಲೋಟ ನೀರಲ್ಲಿ ಕರಗಿಸಿ ಸೋಸಿಟ್ಟುಕೊಳ್ಳಿ.

ಇನ್ನು ಹುರಿಯುವುದು. ಒಂದೊಂದನ್ನೂ ಬೇರೆ ಬೇರೆಯಾಗಿ, ಸಣ್ಣ ಉರಿಯಲ್ಲಿ. ಬೇಳೆಗಳು ಕೆಂಪಗಾಗಬೇಕು, ಕೊತ್ತಂಬರಿ ಬೀಜ ಘಮ್ಮೆನ್ನಬೇಕು, ಜೀರಿಗೆ ಮತ್ತು ಮೆಣಸು ಬಿಸಿಯಾಗಿ ಚಟಪಟ ಅಂದರೆ ಸಾಕು. ಮೆಂತ್ಯದ ಮೇಲೆ ಮಾತ್ರ ಕಣ್ಣಿಟ್ಟಿರಿ. ಹೊಂಬಣ್ಣ ದಾಟಿ ಕಂದು ಬಣ್ಣಕ್ಕೆ ತಿರುಗಿತೋ, ಇಡೀ ಜಾಡಿ ಕಹಿ, ಬೆಲ್ಲ ಎಷ್ಟು ಸುರಿದರೂ ಸರಿಹೋಗುವುದಿಲ್ಲ. ಬಾಣಲೆಯ ಕಾವಿಗೇ ಅದು ಮುಂದೆ ಹೋಗುವುದರಿಂದ ಬಣ್ಣ ತಿರುಗುತ್ತಿದ್ದಂತೆ ತಟ್ಟೆಗೆ ಹಾಕಿಬಿಡಿ. ಮೆಣಸಿನಕಾಯಿಗೆ ಅರ್ಧ ಚಮಚ ಎಣ್ಣೆ ಸವರಿ ಹುರಿದರೆ ಘಾಟು ಕಡಿಮೆ. ಎಲ್ಲ ಆರಿದ ಮೇಲೆ ಸ್ವಲ್ಪ ತರಿಯಾಗಿ ಪುಡಿ ಮಾಡಿ. ತೀರಾ ನುಣ್ಣಗಾದರೆ ಗೊಜ್ಜು ಅಂಟಂಟಾಗುತ್ತದೆ.

ಎಳ್ಳು, ಕೊಬ್ಬರಿಯ ಪುಡಿ ಗೊಜ್ಜಿಗೆ ಬೇಡ. ಎರಡರಲ್ಲೂ ಎಣ್ಣೆಯಂಶ ಜಾಸ್ತಿ, ಗೊಜ್ಜಿನೊಳಗೆ ತಿಂಗಳೊಪ್ಪತ್ತು ಕೂತರೆ ಕಮಟು ವಾಸನೆ ಬರುತ್ತದೆ. ಎಳ್ಳನ್ನು ತೊಳೆದು, ಒಣಗಿಸಿ, ಸಿಡಿಯುವ ತನಕ ಹುರಿಯಿರಿ. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ, ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬೆಚ್ಚಗೆ ಮಾಡಿದ ಕೊಬ್ಬರಿ ತುರಿ ಬೆರೆಸಿ ಬೇರೆ ಡಬ್ಬಿಗೆ ಹಾಕಿಡಿ. ತಿಪಟೂರಿನ ಕಡೆಯ ಒಳ್ಳೆ ಕೊಬ್ಬರಿ ಸಿಕ್ಕರೆ ಬಿಡಬೇಡಿ. ಹಳೇ ಕೊಬ್ಬರಿಯ ವಾಸನೆಯನ್ನು ಯಾವ ಇಂಗೂ ಮುಚ್ಚುವುದಿಲ್ಲ.

ಕುದಿಸುವ ಹದ

ಪಾತ್ರೆ ದಪ್ಪ ತಳದ ಸ್ಟೀಲಿನದಿರಲಿ, ಇಲ್ಲವೇ ಬಳಪದ ಕಲ್ಲಿನದು. ಅಲ್ಯೂಮಿನಿಯಂ, ಕಬ್ಬಿಣ, ಕಲಾಯಿ ಇಲ್ಲದ ಹಿತ್ತಾಳೆ ಬೇಡ. ಹುಳಿ ಲೋಹವನ್ನು ತಿನ್ನುತ್ತದೆ, ಗೊಜ್ಜಿಗೆ ಲೋಹದ ರುಚಿ ಹತ್ತುತ್ತದೆ. ಗೊಜ್ಜು ಸಿಡಿಯುವುದರಿಂದ ಪಾತ್ರೆ ಆಳವಾಗಿರಲಿ, ಸೌಟಿನ ಹಿಡಿ ಉದ್ದವಿರಲಿ.

ಅರ್ಧದಷ್ಟು ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ, ಇಂಗು, ಕರಿಬೇವು ಹಾಕಿ. ಕರಿಬೇವನ್ನು ಹಿಂದಿನ ರಾತ್ರಿಯೇ ತೊಳೆದು ಬಟ್ಟೆಯ ಮೇಲೆ ಹರಡಿ ಒಣಗಿಸಿರಬೇಕು. ಉರಿ ಸಣ್ಣದು ಮಾಡಿ ಹುಣಸೆ ರಸ ನಿಧಾನಕ್ಕೆ ಸುರಿಯಿರಿ, ಅರಿಶಿನ, ಉಪ್ಪು ಹಾಕಿ, ಮತ್ತೆ ಮಧ್ಯಮ ಉರಿಗೆ ತನ್ನಿ. ಮೊದಮೊದಲು ನೊರೆನೊರೆಯಾಗಿ ಉಕ್ಕುತ್ತದೆ. ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕೆ ನೊರೆ ಅಡಗಿ ರಸ ಅರ್ಧಕ್ಕಿಳಿಯುತ್ತದೆ, ಗುಳ್ಳೆಗಳು ದಪ್ಪಗಾಗಿ ಒಂದೊಂದಾಗಿ ಒಡೆಯತೊಡಗುತ್ತವೆ. ಬೆಲ್ಲ ಹಾಕುವುದು ಆಗ. ಮೊದಲೇ ಹಾಕಿದರೆ ತಳ ಹಿಡಿಯುತ್ತದೆ. ಅಷ್ಟೇ ಅಲ್ಲ, ಬೆಲ್ಲದ ಅಂಟು ಕಂಡು ಹದ ಬಂತೆಂದುಕೊಂಡು ಇಳಿಸಿಬಿಡುತ್ತೇವೆ.

ಬೆಲ್ಲ ಬಿದ್ದ ಮೇಲೆ ಉಳಿದ ಎಣ್ಣೆಯನ್ನು ಎರಡು ಸಲವಾಗಿ ಹಾಕುತ್ತಾ, ತಳ ಕೆರೆಯುತ್ತಾ ಹದಿನೈದು ನಿಮಿಷ ಕುದಿಸಿ. ಅಂಚಿನಲ್ಲಿ ಎಣ್ಣೆ ಬಿಟ್ಟಾಗ ಉರಿ ತಗ್ಗಿಸಿ ಪುಡಿ ಉದುರಿಸಿ ತಿರುವಿ. ತುಂಬ ಜನ ಎಡವುವ ಜಾಗ ಇದು. ಪುಡಿ ಇದ್ದಬದ್ದ ನೀರನ್ನೆಲ್ಲ ಹೀರಿಕೊಂಡು ತಕ್ಷಣ ಗಟ್ಟಿಯಾದಂತೆ ಕಾಣುತ್ತದೆ, ಎಣ್ಣೆಯೂ ಮಾಯವಾಗುತ್ತದೆ. ನೀರು ಹೋಗಿರುವುದಿಲ್ಲ, ಪುಡಿಯೊಳಗೆ ಅಡಗಿರುತ್ತದೆ. ಇನ್ನೂ ಏಳೆಂಟು ನಿಮಿಷ ಕೈಬಿಡದೆ ತಿರುವಿದರೆ ಎಣ್ಣೆ ಎರಡನೇ ಸಲ ಮೇಲೆ ಬರುತ್ತದೆ. ಇಳಿಸಬೇಕಾದ್ದು ಆಮೇಲೆ.

ಅನುಮಾನವಿದ್ದರೆ ಅರ್ಧ ಚಮಚ ಗೊಜ್ಜನ್ನು ಸ್ಟೀಲ್ ತಟ್ಟೆಗೆ ಹಾಕಿ ಎರಡು ನಿಮಿಷ ಬಿಟ್ಟು ವಾರೆ ಮಾಡಿ ನೋಡಿ. ಸುತ್ತ ನೀರಿನ ಅಂಚು ಹರಿದರೆ ಇನ್ನೂ ಕುದಿಯಬೇಕು, ಬರೀ ಎಣ್ಣೆ ಜಾರಿದರೆ ಆಯಿತು. ಬಾಯಿಗಿಟ್ಟಾಗ ಉಪ್ಪು, ಹುಳಿ ಎರಡೂ ಜೋರಾಗಿಯೇ ಇರಬೇಕು, ಸಪ್ಪೆ ಅನ್ನಕ್ಕೆ ಬೀಳುವುದಲ್ಲವೇ. ಆರಿದ ಮೇಲೆ ಕಲ್ಲಿನಂತೆ ಗಟ್ಟಿಯಾದರೆ ಬೆಲ್ಲ ಪಾಕಕ್ಕೆ ಹೋಗಿದೆ ಎಂದರ್ಥ. ಕಾಲು ಲೋಟ ಕುದಿನೀರು, ಎರಡು ಚಮಚ ಎಣ್ಣೆ ಹಾಕಿ ಮತ್ತೆ ಐದು ನಿಮಿಷ ಕುದಿಸಿ.

ಬಾಟಲಿಗೆ ತುಂಬಿ ಕೊಡುವಾಗ

ಗೊಜ್ಜು ಪೂರ್ತಿ ಆರುವ ತನಕ ಪಾತ್ರೆಗೆ ತೆಳು ಬಟ್ಟೆ ಮುಚ್ಚಿಡಿ, ತಟ್ಟೆ ಮುಚ್ಚಬೇಡಿ. ತಟ್ಟೆಗೆ ಹಿಡಿದ ಬೆವರು ತೊಟ್ಟಿಕ್ಕಿದ ಜಾಗದಲ್ಲೇ ಬೂಷ್ಟು ಶುರುವಾಗುವುದು. ಗಾಜಿನ ಬಾಟಲಿಗಳನ್ನು ಕುದಿನೀರಲ್ಲಿ ತೊಳೆದು ಬಿಸಿಲಿಗಿಡಿ. ಬರೀ ತಗಡಿನ ಮುಚ್ಚಳ ಹುಳಿಗೆ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ ಮುಚ್ಚಳ ಅಥವಾ ಪಿಂಗಾಣಿ ಜಾಡಿ ಒಳ್ಳೆಯದು. ಒತ್ತಿ ಒತ್ತಿ ತುಂಬಿ, ಮೇಲೆ ಒಂದು ಬೆರಳಷ್ಟು ಜಾಗ ಬಿಟ್ಟು, ಕಾಯಿಸಿ ಆರಿಸಿದ ಎಣ್ಣೆ ಒಂದು ಚಮಚ ಸುರಿಯಿರಿ. ಒಣ ಚಮಚ ಬಳಸಿದರೆ ಹೊರಗೆ ಎರಡು ತಿಂಗಳು, ಫ್ರಿಜ್ಜಿನಲ್ಲಿ ಆರು ತಿಂಗಳು ಇರುತ್ತದೆ.

ಉಡುಗೊರೆಯಾಗಿ ಕೊಡುವುದಾದರೆ ಬಾಟಲಿಯ ಜೊತೆ ಎಳ್ಳು-ಕೊಬ್ಬರಿ ಪುಡಿಯ ಪೊಟ್ಟಣವನ್ನೂ ಕೊಡಿ, ಅದಿಲ್ಲದ ಪುಳಿಯೋಗರೆ ಅರ್ಧ ಪುಳಿಯೋಗರೆ. ಈ ಪುಡಿಯನ್ನು ಮೂರು ವಾರದೊಳಗೆ ಮುಗಿಸಬೇಕು, ಅದನ್ನು ಪೊಟ್ಟಣದ ಮೇಲೇ ಬರೆಯಿರಿ. ಚೀಟಿಯಲ್ಲಿ ಮಾಡಿದ ದಿನಾಂಕದ ಜೊತೆ ಕಲಸುವ ಅಳತೆಯನ್ನೂ ಬರೆಯಿರಿ: ಒಂದು ಲೋಟ ಅಕ್ಕಿಯ ಅನ್ನಕ್ಕೆ ಮೂರು ದೊಡ್ಡ ಚಮಚ ಗೊಜ್ಜು, ಎರಡು ದೊಡ್ಡ ಚಮಚ ಪುಡಿ, ಉಪ್ಪು ಬೇಡ. ಕಡಲೆಕಾಯಿ ಇದೆ, ಎಳ್ಳಿದೆ, ಇಂಗಿದೆ ಎಂದೂ ಬರೆದರೆ ಅಲರ್ಜಿ ಇರುವವರಿಗೆ ಅನುಕೂಲ. ಮುಚ್ಚಳದ ಮೇಲೆ ಒಂದು ತುಂಡು ಗುಳೇದಗುಡ್ಡ ಖಣದ ಬಟ್ಟೆ ಕಟ್ಟಿದರೆ ಬೇರೆ ಅಲಂಕಾರ ಬೇಡ.

ವಿಮಾನದಲ್ಲಿ ಮಕ್ಕಳ ಮನೆಗೆ ಒಯ್ಯುವವರು ಬಾಟಲಿಯನ್ನು ಚೆಕ್-ಇನ್ ಲಗೇಜಿಗೇ ಹಾಕಿ. ಗೊಜ್ಜನ್ನೂ ದ್ರವದ ಲೆಕ್ಕಕ್ಕೆ ಹಿಡಿಯುತ್ತಾರೆ, 100 ಮಿಲಿ ಮೀರಿದರೆ ಕೈಚೀಲದಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ. ಮೇಲಿನ ಎಣ್ಣೆ ತೆಗೆದು, ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಜಿಪ್ ಕವರಿನೊಳಗೆ ಇಟ್ಟು ಬಟ್ಟೆಯ ನಡುವೆ ಸೇರಿಸಿ.

ದಾರಿಯ ಬುತ್ತಿ

ಬುತ್ತಿಗೆ ಹಳೇ ಸೋನಾ ಮಸೂರಿ ಅಕ್ಕಿ. ಅನ್ನ ಉದುರುದುರಾಗಬೇಕು, ಆದರೆ ಅರೆಬೆಂದಿರಬಾರದು. ಆರಿದ ಮೇಲೆ ಇನ್ನಷ್ಟು ಬಿರುಸಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಒಂದಕ್ಕೆ ಎರಡು ನೀರು ಸಾಮಾನ್ಯವಾಗಿ ಸರಿಹೋಗುತ್ತದೆ. ಅಗಲವಾದ ತಟ್ಟೆಗೆ ಹರಡಿ ಎರಡು ಚಮಚ ಎಣ್ಣೆ ಹಾಕಿ ಆರಲು ಬಿಡಿ. ಬಿಸಿ ಅನ್ನಕ್ಕೆ ಗೊಜ್ಜು ಹಾಕಿ ಕಲಸಿದರೆ ಅಗುಳು ಒಡೆದು ಮುದ್ದೆಯಾಗುತ್ತದೆ. ಕಡಲೆಬೇಳೆ, ಉದ್ದಿನಬೇಳೆ, ಕಡಲೆಕಾಯಿ ಬೀಜದ ಒಗ್ಗರಣೆ ಹೊಸದಾಗಿ ಮಾಡಿ, ಗೊಜ್ಜು, ಪುಡಿ ಸೇರಿಸಿ ಬೆರಳ ತುದಿಯಲ್ಲಿ ಹಗುರವಾಗಿ ಕಲಸಿ. ಅರ್ಧ ಗಂಟೆ ಬಿಟ್ಟು ರುಚಿ ನೋಡಿ. ಅನ್ನ ಹುಳಿ ಎಳೆದುಕೊಂಡ ಮೇಲೆ ಸಪ್ಪೆಯೆನಿಸಿದರೆ ಇನ್ನರ್ಧ ಚಮಚ ಗೊಜ್ಜು.

ಬಿಸಿ ಇರುವಾಗ ಡಬ್ಬಿಗೆ ಹಾಕಿ ಮುಚ್ಚಬೇಡಿ, ಹಬೆ ನೀರಾಗಿ ಅನ್ನ ಹಳಸುತ್ತದೆ. ಹಾಗಂತ ಗಂಟೆಗಟ್ಟಲೆ ಹೊರಗೂ ಬಿಡಬೇಡಿ, ಫ್ಯಾನಿನ ಕೆಳಗೆ ಬೇಗ ಆರಿಸಿ ಕಟ್ಟಿ. ಬಾಳೆ ಎಲೆಯನ್ನು ಉರಿಯ ಮೇಲೆ ಬಾಡಿಸಿ, ಒರೆಸಿ ಕಟ್ಟಿದರೆ ಮಡಿಸುವಾಗ ಸೀಳುವುದಿಲ್ಲ. ಮುತ್ತುಗದ ಎಲೆಯೂ ಆಗುತ್ತದೆ. ಹಸಿ ತೆಂಗಿನಕಾಯಿ, ಈರುಳ್ಳಿ ಹತ್ತಿರ ಸೇರಿಸಬೇಡಿ. ಹುಳಿಯಿದೆ, ಕೆಡುವುದಿಲ್ಲ ಎಂಬ ಧೈರ್ಯವನ್ನು ಬೇಸಿಗೆಯಲ್ಲಿ ಮಾಡಬಾರದು. ಬೆಳಗ್ಗೆ ಕಲಸಿದ್ದನ್ನು ಮಧ್ಯಾಹ್ನದ ಊಟಕ್ಕೇ ಮುಗಿಸಿ. ಬೇಲೂರು, ಹಳೇಬೀಡು ನೋಡಿಕೊಂಡು ರಾತ್ರಿ ಅಲ್ಲೇ ಉಳಿಯುವವರು ಮಾರನೆಯ ದಿನಕ್ಕೆ ಕಲಸಿದ ಅನ್ನ ಕೊಂಡೊಯ್ಯುವ ಬದಲು ಸಣ್ಣ ಡಬ್ಬಿಯಲ್ಲಿ ಗೊಜ್ಜು ಒಯ್ದು, ಹೋಟೆಲಿನಲ್ಲಿ ಬಿಸಿ ಅನ್ನ ಕೇಳಿ, ಆರಿಸಿ ಕಲಸಿಕೊಳ್ಳಿ. ಹೊರಟಿರುವುದು ಮೇಲುಕೋಟೆಗಾದರೆ ಬುತ್ತಿಯೇ ಬೇಡ. ಪುಳಿಯೋಗರೆಗೇ ಹೆಸರಾದ ಊರದು. ಅಲ್ಲಿ ತಿಂದು ನೋಡಿ, ಹುಳಿ, ಬೆಲ್ಲ, ಮೆಣಸು ಯಾವುದು ಮುಂದಿದೆ ಎಂದು ಗಮನಿಸಿಕೊಂಡು ಬಂದು ಮುಂದಿನ ಸಲದ ಅಳತೆ ತಿದ್ದಿಕೊಳ್ಳಿ.